ಇಂಥ ನಾಯಿ ಒಂದೇ ಸಲ ಸಿಗುತ್ತದಾ?

ನಮಸ್ಕಾರ.

ನಾಯಿ ತೀರಿಕೊಂಡ ಮನೆಗೆ ಹೋದರೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಇಂಥ ನಾಯಿ ಜೀವನದಲ್ಲಿ ಒಂದೇ ಸಲ ಸಿಗೋದು. ಇನ್ನು ನಮ್ಮನೇಲಿ ನಾಯಿ ಬೇಡ." ನಾನೂ ಹಾಗೇ ಹೇಳಿದ್ದೆ. ಎರಡು ಸಲ. ಎರಡು ಸಲವೂ ಕಣ್ಣೀರು ನಿಜವಾಗಿತ್ತು, ಮಾತು ಮಾತ್ರ ತಪ್ಪಾಗಿತ್ತು.

ಮೊದಲನೆಯವನು ರಾಜ. ಚಾಮರಾಜಪೇಟೆಯ ವಠಾರಕ್ಕೆ ತಾನಾಗಿಯೇ ಬಂದ ಬೀದಿ ನಾಯಿ. ನನಗೆ ಆಗ ಏಳು ವರ್ಷ. ಅಮ್ಮ ಬೈಯುತ್ತಲೇ ಅವನಿಗೆ ಮುದ್ದೆ ಕಲಸಿ ಹಾಕುತ್ತಿದ್ದರು. ಸ್ಕೂಲ್ ಬಿಡುವ ಹೊತ್ತಿಗೆ ಗೇಟ್ ಹತ್ತಿರ ಇರುತ್ತಿದ್ದ. ಅವನಿಗೆ ಗಂಟೆ ಹೇಗೆ ಗೊತ್ತಾಗುತ್ತಿತ್ತೋ, ದೇವರೇ ಬಲ್ಲ.

ಎರಡನೆಯವಳು ಮಲ್ಲಿ. ಹದಿಮೂರು ವರ್ಷ ಜೊತೆಗಿದ್ದಳು. ಅವಳದೊಂದು ಅಭ್ಯಾಸ ಇತ್ತು. ನೀರು ಕುಡಿದ ಮೇಲೆ ಸೀದಾ ಬಂದು ಒದ್ದೆ ಗದ್ದವನ್ನು ನನ್ನ ಪಾದದ ಮೇಲೆ ಇಡುತ್ತಿದ್ದಳು. ಒಮ್ಮೆ ಉಸಿರು ಬಿಟ್ಟು ಕಣ್ಣು ಮುಚ್ಚುತ್ತಿದ್ದಳು. ಮದುವೆ, ಕೆಲಸ, ಅಪ್ಪನ ಸಾವು, ಎಲ್ಲದರ ನಡುವೆಯೂ ಆ ಒದ್ದೆ ಗದ್ದ ಪಾದದ ಮೇಲೆ ಇತ್ತು. ಕೊನೆಗೆ ಕಿಡ್ನಿ ಕೈಕೊಟ್ಟಿತು. ದಿನಾ ಚರ್ಮದ ಕೆಳಗೆ ಸಲೈನ್ ಕೊಡುವುದನ್ನು ಡಾಕ್ಟರ್ ಹೇಳಿಕೊಟ್ಟರು, ನಾನೇ ಕೊಡುತ್ತಿದ್ದೆ. ಅವಳು ಹೋದ ಮೇಲೆ ಎಷ್ಟೋ ದಿನ ಊಟಕ್ಕೆ ಕೂತಾಗ ಪಾದ ಒಣಗಿರುವುದೇ ನನಗೆ ಸಂಕಟವಾಗುತ್ತಿತ್ತು.

ಆಗಲೇ ಎರಡನೇ ಸಲ ಹೇಳಿದ್ದು: ಇನ್ನು ಬೇಡ.

ನಮ್ಮ ಬೆಂಗಳೂರಲ್ಲೇ, ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ, ಒಂದು ವೀರಗಲ್ಲಿದೆ. ಆತಕೂರಿನ ಕಲ್ಲು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನದು, ಕ್ರಿ.ಶ. 950ರ ಆಸುಪಾಸಿನದು. ತಕ್ಕೋಲಂ ಯುದ್ಧದಲ್ಲಿ ರಾಷ್ಟ್ರಕೂಟರೂ ಗಂಗರೂ ಸೇರಿ ಚೋಳರನ್ನು ಸೋಲಿಸಿದ್ದರು. ಅಲ್ಲಿ ಚೆನ್ನಾಗಿ ಹೋರಾಡಿದ ಮಣಲೆರ ಎಂಬ ವೀರನಿಗೆ, ಮೆಚ್ಚಿದ್ದೇನೆ, ಬೇಕಾದ್ದು ಕೇಳು ಎಂದು ಅರಸನಿಂದ ಮಾತು ಸಿಕ್ಕಿತು. ಅವನು ಕೇಳಿದ್ದು ಕಾಳಿ ಎಂಬ ಬೇಟೆ ನಾಯಿಯನ್ನು. ಆಮೇಲೆ ಕಾಳಿ ಒಂದು ದೊಡ್ಡ ಹಂದಿಯ ಜೊತೆ ಕಾದಾಡಿತು. ಎರಡೂ ಸತ್ತವು. ಮಣಲೆರ ಕಲ್ಲು ನಿಲ್ಲಿಸಿದ. ಅದಕ್ಕೆ ಪೂಜೆ ನಡೆಯಲಿ ಎಂದು ಭೂಮಿ ಕೊಟ್ಟ. ನಾಯಿಯೂ ಹಂದಿಯೂ ಸೆಣಸುವ ಚಿತ್ರ ಇವತ್ತಿಗೂ ಆ ಕಲ್ಲಿನಲ್ಲಿದೆ.

ಮಲ್ಲಿ ಹೋದ ವರ್ಷ ಆ ಕಲ್ಲಿನ ಮುಂದೆ ತುಂಬಾ ಹೊತ್ತು ನಿಂತಿದ್ದೆ. ನಾಯಿಗಾಗಿ ಅಳುವುದು ನಾಚಿಕೆಯ ವಿಷಯ ಅಲ್ಲ ಎಂದು ಸಾವಿರ ವರ್ಷದ ಹಿಂದೆಯೇ ಒಬ್ಬ ಯೋಧ ಕಲ್ಲಲ್ಲಿ ಬರೆಸಿದ್ದಾನೆ, ಅಲ್ವಾ? ನನ್ನ ಎದೆ ಸ್ವಲ್ಪ ಹಗುರಾಯಿತು. ಆದರೆ ಕಾಳಿಗೊಂದು ಕಲ್ಲು ನಿಲ್ಲಿಸಿದವನು ಇನ್ನೊಂದು ನಾಯಿಯ ತಲೆ ಸವರಬಾರದು ಎಂದು ಎಲ್ಲೂ ಇಲ್ಲ.

ಗುಂಡ ಸಿಕ್ಕಿದ್ದು ಉತ್ತರಹಳ್ಳಿ ಕಡೆ, ಕಟ್ಟುತ್ತಿದ್ದ ಒಂದು ಬಿಲ್ಡಿಂಗ್ ಹತ್ತಿರ. ಮರಳಿನ ರಾಶಿ ಮೇಲೆ ಮಲಗಿದ್ದ. ಮೈತುಂಬ ಉಣ್ಣಿ ಹುಳ. ವಸಡು ಬಿಳಚಿಕೊಂಡಿತ್ತು. ಟಿಕ್ ಫೀವರ್, ಉಣ್ಣಿ ಕಚ್ಚಿ ಬರುವ ಜ್ವರ. ಡಾಕ್ಟರ್ 28 ದಿನ ಮಾತ್ರೆ ಬರೆದುಕೊಟ್ಟರು. ವಾಸಿ ಮಾಡಿ ಬೇರೆ ಯಾರಿಗಾದರೂ ಕೊಡೋಣ ಎಂದೇ ಮನೆಗೆ ತಂದೆ.

ಮೊದಮೊದಲು ತುಂಬಾ ತಪ್ಪು ಮಾಡಿದೆ. "ಮಲ್ಲಿ ಹೀಗೆ ಮಾಡ್ತಿರಲಿಲ್ಲ" ಎಂದು ಅವನ ಮುಖಕ್ಕೇ ಹೇಳುತ್ತಿದ್ದೆ. ಮಾತು ಅರ್ಥವಾಗದಿದ್ದರೂ ಆ ದನಿ ನಾಯಿಗೆ ಅರ್ಥವಾಗುತ್ತದೆ. ಬಾಲ ಕಾಲ ಸಂದಿಗೆ ಹೋಗುತ್ತಿತ್ತು.

ದಿನಾ ಇಡ್ಲಿ ತುಂಡಿನೊಳಗೆ ಮಾತ್ರೆ ಮುಚ್ಚಿ ಕೊಡುತ್ತಿದ್ದೆ. ಹತ್ತೊಂಬತ್ತನೇ ದಿನ ಇಡ್ಲಿಯನ್ನೆಲ್ಲಾ ತಿಂದ, ಮಾತ್ರೆಯನ್ನು ಮಾತ್ರ ಒದ್ದೆಯಾಗದ ಹಾಗೆ ನೆಲದ ಮೇಲೆ ಇಟ್ಟ. ಇಟ್ಟು ನನ್ನನ್ನೇ ನೋಡಿದ. ನಾನು ಜೋರಾಗಿ ನಕ್ಕುಬಿಟ್ಟೆ. ಎಷ್ಟೋ ತಿಂಗಳಾದ ಮೇಲೆ ನಮ್ಮ ಮನೆಯಲ್ಲಿ ಕೇಳಿಸಿದ ನಗು ಅದು. ಹೆಂಡತಿ ಒಳಗಿಂದ ಓಡಿ ಬಂದಳು. ಅವತ್ತೇ ಅವನು ನಮ್ಮವನಾದ.

ಮಲ್ಲಿಯನ್ನು ಮರೆತೆನಾ? ಇಲ್ಲ. ಇವನು ಪಾದದ ಮೇಲೆ ಗದ್ದ ಇಡುವುದೇ ಇಲ್ಲ. ಬೆನ್ನಿಗೆ ಬೆನ್ನು ಒತ್ತಿಕೊಂಡು ಮಲಗುತ್ತಾನೆ. ಆ ಜಾಗ ಯಾವತ್ತೂ ಮಲ್ಲಿಯದಾಗಿರಲಿಲ್ಲ. ಖಾಲಿ ಬಿದ್ದಿತ್ತು, ನನಗೇ ಗೊತ್ತಿರಲಿಲ್ಲ. ರಾಜನಿಗೆ ಸಿಕ್ಕವನು ಒಬ್ಬ ಹುಡುಗ. ಮಲ್ಲಿಯ ಜೊತೆ ಇದ್ದವನು ಸಂಸಾರಸ್ಥ. ಗುಂಡನಿಗೆ ಸಿಕ್ಕಿರುವವನು ತಲೆ ನರೆತ ಮನುಷ್ಯ. ನಾವು ಬದಲಾಗುತ್ತಾ ಹೋಗುತ್ತೇವೆ, ಪ್ರೀತಿಯೂ ಬೇರೆ ಬೇರೆ ಆಕಾರದಲ್ಲಿ ಬರುತ್ತದೆ. ಮೂವರಲ್ಲಿ ಯಾರು ಜಾಸ್ತಿ ಎಂದು ದಯವಿಟ್ಟು ಕೇಳಬೇಡಿ.

ಮೊನ್ನೆ ನಾಯಿ ಕಳೆದುಕೊಂಡವರಿಗೆ ನಾಳೆಯೇ ಇನ್ನೊಂದು ತನ್ನಿ ಎಂದು ನಾನು ಹೇಳುವುದಿಲ್ಲ. ಮರಿ ತಂದು ಕೈಗೆ ಕೊಟ್ಟು ಸಮಾಧಾನ ಮಾಡುವ ನೆಂಟರಿಗೂ ಸ್ವಲ್ಪ ಸುಮ್ನೆ ಇರಿ ಎನ್ನುತ್ತೇನೆ. ಅಳಲಿ. ವರ್ಷ ಬೇಕಾದರೆ ವರ್ಷ ತಗೊಳ್ಳಲಿ. ಬಾಗಿಲಿಗೆ ಬೀಗ ಮಾತ್ರ ಹಾಕಬೇಡಿ. ನಮ್ಮ ಬೀದಿಗಳಲ್ಲಿ ಮರಳಿನ ರಾಶಿಗಳು ಇನ್ನೂ ಬೇಕಾದಷ್ಟಿವೆ.

ಹೋದ ತಿಂಗಳು ಗಾಂಧಿ ಬಜಾರಿಗೆ ಹೋಗಿ ಗುಂಡನಿಗೊಂದು ಸ್ಟೀಲ್ ತಟ್ಟೆ ತಂದೆ. ಮಲ್ಲಿಯ ತಟ್ಟೆ ಅವನಿಗೆ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಅಂಗಡಿಯವರು ಹೆಸರು ಕೆತ್ತಲಾ ಎಂದರು. ಕೆತ್ತಿ ಎಂದೆ. ಮಷೀನ್ ಗರ್ರ್ ಎಂದಿತು. ಅಡುಗೆಮನೆಯ ಗೂಡಿನಲ್ಲಿ ಈಗ ರಾಜ, ಮಲ್ಲಿ ಎರಡು ತಟ್ಟೆ. ಮೂರನೆಯದು ಕೆಳಗೆ ನೆಲದ ಮೇಲೆ. ಅದನ್ನು ಅವನು ಮೂಗಿನಿಂದ ತಳ್ಳುತ್ತಿರುವ ಸದ್ದು ನಿಮಗೂ ಕೇಳಿಸುತ್ತಿರಬೇಕು. ಊಟದ ಹೊತ್ತಾಯಿತು. ಬರ್ತೀನಿ.