ಬೀರು ತೆರೆದಿತ್ತು, ನೆಲ ಒಣಗಿತ್ತು

ಎಲ್ಲರಿಗೂ ನಮಸ್ಕಾರ.

ಜುಲೈ ತಿಂಗಳು, ಸಕಲೇಶಪುರದ ಕಡೆ ಒಂದು ತೋಟದ ಮನೆ ಅಂದುಕೊಳ್ಳಿ. ಮೂರು ದಿನದಿಂದ ಬಿಡದ ಮಳೆ. ಒಳಗೆ ಒಬ್ಬ ಹೆಣ್ಣುಮಗಳ ಹೆಣ. ಬೀರು ತೆರೆದಿದೆ, ಸೀರೆಗಳು ಚೆಲ್ಲಾಪಿಲ್ಲಿ, ಕಿಟಕಿ ಗಾಜು ಒಡೆದಿದೆ. ‘ಕಳ್ಳರು ನುಗ್ಗಿದ್ರು ಸಾರ್’ ಅಂತ ಗಂಡ ಅಳುತ್ತಾನೆ.

ನೆಲ ನೋಡಿ. ಅಂಥ ಮಳೆಯಲ್ಲಿ ಕಾಫಿ ಗಿಡಗಳ ನಡುವೆ ಬಂದವನ ಕಾಲಲ್ಲಿ ಕೆಸರು ಇರಬೇಕು ಅಲ್ವಾ? ಕಿಟಕಿ ಕೆಳಗೆ ಒಂದು ಹೆಜ್ಜೆಯೂ ಇಲ್ಲ. ಗಾಜಿನ ಚೂರುಗಳು ಸೀರೆಗಳ ಮೇಲೆ ಬಿದ್ದಿವೆ. ಅಂದರೆ ಬಟ್ಟೆ ಎಳೆದು ಹಾಕಿದ ಮೇಲೆ ಗಾಜು ಒಡೆದಿದ್ದಾರೆ. ಒಳಗೆ ಬರುವ ದಾರಿಯನ್ನು ಕಳ್ಳ ಕೊನೆಗೆ ಮಾಡಿಕೊಂಡನೇ?

ಕೊಂದವನು ಕಳ್ಳತನ ಹೇಗಿರುತ್ತದೆ ಅಂತ ತಾನು ಅಂದುಕೊಂಡಿದ್ದಾನೋ ಹಾಗೆ ಮನೆಯನ್ನು ಜೋಡಿಸುತ್ತಾನೆ. ನೋಡುವವರ ಕಣ್ಣಿಗೆ ಏನು ಬೀಳಬೇಕು ಅನ್ನುವುದಷ್ಟೇ ಅವನ ತಲೆಯಲ್ಲಿರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ತಪ್ಪಿಹೋಗುತ್ತದೆ.

ನನಗೆ ಜಾಸ್ತಿ ಸಂಕಟ ಕೊಡುವುದು ಕೊಂದು ನೇಣಿಗೆ ಹಾಕುವುದು. ಸತ್ತವಳ ಮೇಲೆ ‘ಹೊಟ್ಟೆನೋವು ತಾಳಲಾರದೆ’ ಅನ್ನುವ ಸುಳ್ಳು ಬೇರೆ. ಆದರೆ ದೇಹ ಸುಳ್ಳು ಹೇಳುವುದಿಲ್ಲ. ಹೃದಯ ನಿಂತ ಮೇಲೆ ರಕ್ತ ತಗ್ಗಿನ ಕಡೆ ಇಳಿಯುತ್ತದೆ, ಚರ್ಮದ ಮೇಲೆ ಕೆನ್ನೀಲಿ ಕಲೆ ಮೂಡುತ್ತದೆ. ಸುಮಾರು 6ರಿಂದ 12 ಗಂಟೆಯಲ್ಲಿ ಆ ಕಲೆ ಅಲ್ಲೇ ನಿಂತುಬಿಡುತ್ತದೆ. ನೇತಾಡಿದ ದೇಹದಲ್ಲಿ ಅದು ಕಾಲಲ್ಲಿ, ಮುಂಗೈಯಲ್ಲಿ ಕಾಣಬೇಕು. ಬೆನ್ನಲ್ಲಿ ಕಂಡರೆ ಆಕೆ ಸತ್ತ ಮೇಲೆ ಗಂಟೆಗಟ್ಟಲೆ ಅಂಗಾತ ಮಲಗಿದ್ದಳು. ಕುತ್ತಿಗೆಯ ಗುರುತೂ ಅಷ್ಟೇ. ನೇಣಿನದ್ದು ಸಾಮಾನ್ಯವಾಗಿ ಗಂಟಿನ ಕಡೆಗೆ ಓರೆಯಾಗಿ ಮೇಲೇರುತ್ತದೆ. ಹಗ್ಗದಿಂದ ಬಿಗಿದು ಕೊಂದದ್ದು ಕೆಳಗಡೆ, ಸುತ್ತಲೂ ನೇರವಾಗಿರುತ್ತದೆ. ಬೆಂಕಿಯಲ್ಲೂ ಹೀಗೇ. ಉಸಿರಾಡುತ್ತಿದ್ದವರ ಶ್ವಾಸನಾಳದಲ್ಲಿ ಮಸಿ ಸಿಗುತ್ತದೆ, ಸತ್ತ ಮೇಲೆ ಸುಟ್ಟರೆ ಸಿಗುವುದಿಲ್ಲ.

ಕಾನೂನು ಈಗ ಸ್ವಲ್ಪ ಗಟ್ಟಿಯಾಗಿದೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, 7 ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧ ನಡೆದ ಜಾಗಕ್ಕೆ ವಿಧಿವಿಜ್ಞಾನ ತಜ್ಞರು ಬರಲೇಬೇಕು. ಇದನ್ನು ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷದ ಗಡುವಿದೆ. ಮದುವೆಯಾಗಿ 7 ವರ್ಷದೊಳಗೆ ಹೆಂಗಸು ಅನುಮಾನಾಸ್ಪದವಾಗಿ ಸತ್ತರೆ ಮ್ಯಾಜಿಸ್ಟ್ರೇಟ್ ತನಿಖೆ ಆಗಬೇಕು. ನಮ್ಮಲ್ಲಿ ತಹಶೀಲ್ದಾರರು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಆಗಿ ಬಂದು ಪಂಚನಾಮೆ ಮಾಡುವುದು ಇದಕ್ಕೇ.

ಆದರೆ ಅವರು ಬರುವಷ್ಟರಲ್ಲಿ ಏನಾಗಿರುತ್ತದೆ? ನೆಂಟರು ಬರುತ್ತಾರೆ ಅಂತ ನೆಲ ಸಾರಿಸಿರುತ್ತಾರೆ. ಸೀರೆ ಮಡಿಸಿ ಬೀರುವಿಗೆ ಇಟ್ಟಿರುತ್ತಾರೆ. ಯಾರದ್ದೂ ಕೆಟ್ಟ ಮನಸ್ಸಲ್ಲ, ಮರ್ಯಾದೆಗೆ ಮಾಡಿದ ಕೆಲಸ. ಅದಕ್ಕೇ ಕೈಮುಗಿದು ಕೇಳುತ್ತೇನೆ. ನೇಣಿನಲ್ಲಿ ನೇತಾಡುತ್ತಿರುವವರಿಗೆ ಉಸಿರಿದೆಯೇನೋ ಅನ್ನಿಸಿದರೆ ಒಂದು ಕ್ಷಣವೂ ಕಾಯದೆ ಇಳಿಸಿ. ಹಗ್ಗವನ್ನು ಗಂಟಿನಿಂದ ದೂರ ಕತ್ತರಿಸಿ, ಗಂಟು ಬಿಚ್ಚಬೇಡಿ. 112ಕ್ಕೆ ಫೋನ್ ಮಾಡಿ. ಜೀವ ಇಲ್ಲ ಅಂತ ಖಾತ್ರಿಯಾದರೆ ಬಾಗಿಲು ಮುಂದೆಳೆದು, ಪೊಲೀಸರು ಬರುವ ತನಕ ಹೊಸಿಲ ಹೊರಗೆ ಕೂತಿರಿ.