ಹಳ್ಳದ ತಳದಲ್ಲಿ ಚಿನ್ನ ತಂಗುವುದೆಲ್ಲಿ? ಕೋಲಾರದ ನೆಲ ಹೇಳುವ ಲೆಕ್ಕ

[ದೃಶ್ಯ: ಬಂಗಾರಪೇಟೆ ಕಡೆಯ ಒಣಗಿದ ಹಳ್ಳ. ಮರಳಿನ ನಡುವೆ ಅಲ್ಲಲ್ಲಿ ತಲೆಯೆತ್ತಿದ ಕರಿಬಂಡೆ.]

ನಿರೂಪಣೆ: ನಮಸ್ಕಾರ. ಕೋಲಾರದ ಚಿನ್ನ ಎಂದೊಡನೆ ನೆನಪಿಗೆ ಬರುವುದು ನೆಲದಡಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಗಣಿಯೇ ಹೊರತು ಹಳ್ಳದ ಮರಳಲ್ಲ. ಆದರೆ ಈ ನೆಲದಲ್ಲಿ ಚಿನ್ನವಿದೆ ಎಂಬ ಸುಳಿವು ಕೊಟ್ಟದ್ದು ಮಣ್ಣು ತೊಳೆದು ತೆಗೆದ ಕಣಗಳೇ. 1802ರಲ್ಲಿ ಮೈಸೂರು ಸೀಮೆಯ ಗಡಿಯನ್ನು ಅಳೆಯಲು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್, ಊರಿಗಾಂ ಸುತ್ತಿನ ಹಳ್ಳಿಗರು ಮಣ್ಣು ತೊಳೆದು ಚಿನ್ನ ಬೇರ್ಪಡಿಸುವುದನ್ನು ಕಂಡು ದಾಖಲಿಸಿದ್ದ. ಬಂಡೆ ಸವೆದು ಹೊರಬಿದ್ದ ಚಿನ್ನ ಮಳೆನೀರಿನೊಂದಿಗೆ ಹಳ್ಳಕ್ಕೆ ಇಳಿದ ಮೇಲೆ ಎಲ್ಲಿ ತಂಗುತ್ತದೆ ಎಂಬುದನ್ನು ಈಗ ನೋಡೋಣ.

[ಚಿತ್ರ: ಒಂದೇ ಗಾತ್ರದ ಎರಡು ಕಣಗಳು, ಒಂದು ಬೆಣಚುಕಲ್ಲು, ಒಂದು ಚಿನ್ನ.]

ಚಿನ್ನದ ಸಾಪೇಕ್ಷ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಅದು ಎಷ್ಟು ಪಟ್ಟು ಭಾರ ಎಂಬ ಲೆಕ್ಕ, 19.3; ಮರಳಿನಲ್ಲಿ ಹೆಚ್ಚಾಗಿರುವ ಬೆಣಚುಕಲ್ಲಿನದು 2.65. ಅಂದರೆ ಗಾತ್ರ ಒಂದೇ ಆಗಿದ್ದರೂ ಚಿನ್ನದ ಕಣ ಏಳು ಪಟ್ಟಿಗೂ ಹೆಚ್ಚು ಭಾರ. ನೀರಿನೊಳಗೆ ಈ ಅಂತರ ಇನ್ನೂ ಹಿಗ್ಗುತ್ತದೆ. ಪ್ರತಿ ಕಣಕ್ಕೂ ನೀರು ತನ್ನ ಪಾಲಿನ ಆಸರೆ ಕೊಡುವುದರಿಂದ ಎರಡರಿಂದಲೂ 1ನ್ನು ಕಳೆದರೆ 18.3 ಮತ್ತು 1.65 ಉಳಿಯುತ್ತವೆ, ಹಾಗಾಗಿ ಮುಳುಗಿದ ಚಿನ್ನ ಮುಳುಗಿದ ಮರಳಿಗಿಂತ ಸುಮಾರು 11 ಪಟ್ಟು ಭಾರವಾಗಿ ವರ್ತಿಸುತ್ತದೆ. ಮರಳನ್ನು ಇನ್ನೂ ಹೊತ್ತೊಯ್ಯಬಲ್ಲ ನೀರು ಚಿನ್ನವನ್ನು ಆಗಲೇ ಕೈಬಿಟ್ಟಿರುತ್ತದೆ. ಹುಡುಕುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನೀರಿನ ಸೆಳವು ಎಲ್ಲಿ ಕುಗ್ಗಿತು?

ಇಲ್ಲಿ ನೀರು ಎಂದರೆ ಇಂದು ಹರಿಯುತ್ತಿರುವ ನೀರಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಹಳ್ಳಗಳು ವರ್ಷದ ಬಹುಪಾಲು ಒಣಗಿಯೇ ಇರುತ್ತವೆ. ಚಿನ್ನವನ್ನು ಕದಲಿಸುವುದು ಗುಂಡುಕಲ್ಲುಗಳನ್ನೂ ಉರುಳಿಸುವಂಥ ನೆರೆ. ಆದ್ದರಿಂದ ಬೇಲಿಗೆ ಸಿಕ್ಕಿಕೊಂಡ ಕಸಕಡ್ಡಿ, ದಡದ ಮರದ ಬುಡದಲ್ಲಿ ಉಳಿದ ಕೆಸರಿನ ಗೆರೆ ಇವುಗಳನ್ನು ನೋಡಿ, ನೆರೆ ಬಂದಾಗ ನೀರು ಎಷ್ಟು ಎತ್ತರದಲ್ಲಿ, ಯಾವ ದಿಕ್ಕಿನಲ್ಲಿ ನುಗ್ಗಿತ್ತು ಎಂಬುದನ್ನು ಮೊದಲು ಊಹಿಸಿಕೊಳ್ಳಬೇಕು.

[ಚಿತ್ರ: ಹಳ್ಳದ ತಿರುವು, ಮೇಲಿನಿಂದ ಕಂಡಂತೆ.]

ತಿರುವಿನಲ್ಲಿ ನೀರು ಹೊರದಡವನ್ನು ಕೊರೆಯುತ್ತದೆ, ಒಳಬದಿಯಲ್ಲಿ ನಿಧಾನವಾಗಿ ಗರಸನ್ನು ಗುಡ್ಡೆ ಹಾಕುತ್ತದೆ. ಈ ಗುಡ್ಡೆಯನ್ನು ಕಂಡಕಂಡಲ್ಲಿ ಅಗೆಯುವುದು ವ್ಯರ್ಥ ಶ್ರಮ. ದಪ್ಪ ಕಣಗಳು ಗುಡ್ಡೆಯ ಮೇಲ್ತುದಿಯಲ್ಲಿ, ಅಂದರೆ ನೀರು ಬರುವ ಕಡೆಯ ತುದಿಯಲ್ಲಿ ಮೊದಲು ಬೀಳುತ್ತವೆ. ಕೆಳಕ್ಕೆ ಹೋದಂತೆ ಸಿಗುವುದು ಹಿಟ್ಟಿನಂಥ ನುಣುಪು ಚಿನ್ನ ಮಾತ್ರ. ದೊಡ್ಡ ಗುಂಡುಕಲ್ಲಿನ ಹಿಂಬದಿಯಲ್ಲಿ, ಕಡಿದಾದ ಇಳಿಜಾರು ಮುಗಿದು ಹಳ್ಳ ಅಗಲವಾಗುವಲ್ಲಿ ಕೂಡ ಇದೇ ಕಾರಣಕ್ಕೆ ಹುಡುಕಬಹುದು. ನೀರು ಧುಮುಕುವ ಗುಂಡಿಯ ನಡುಮಧ್ಯೆ ನಿಧಿ ಇರುತ್ತದೆಂಬ ನಂಬಿಕೆ ಮಾತ್ರ ಅಷ್ಟು ಗಟ್ಟಿಯಲ್ಲ. ಅಲ್ಲಿ ನೀರು ಎಲ್ಲವನ್ನೂ ಕಡೆದು ಹೊರಗೆಸೆಯುತ್ತದೆ, ಗುಂಡಿ ದಾಟಿದ ಮೇಲಿನ ಗರಸೇ ಲೇಸು.

ಇವೆಲ್ಲಕ್ಕಿಂತ ನಂಬಿಕೆಗೆ ಅರ್ಹವಾದದ್ದು ತಳಬಂಡೆ. ಪ್ರತಿ ನೆರೆಯಲ್ಲೂ ಗರಸು ಅಲುಗಾಡಿದಾಗ ಚಿನ್ನ ಸಂದುಗಳಲ್ಲಿ ಜಾರಿ ಜಾರಿ, ಇನ್ನು ಇಳಿಯಲು ಜಾಗವಿಲ್ಲವೆನ್ನುವವರೆಗೆ ಇಳಿಯುತ್ತದೆ. ಕೆಲವೊಮ್ಮೆ ಬಂಡೆಗಿಂತ ಮೇಲೆಯೇ ಗಟ್ಟಿ ಜೇಡಿಮಣ್ಣಿನ ಪದರ ಅಡ್ಡ ಬಂದು ಆ ಕೆಲಸವನ್ನು ಮಾಡಿರುತ್ತದೆ. ಕೋಲಾರದ ಚಿನ್ನದ ಪಟ್ಟಿ ಉತ್ತರ-ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಚಾಚಿದೆ. ಅದರ ಕಪ್ಪು ಪದರಶಿಲೆಗಳು ಬಹುತೇಕ ನೆಟ್ಟಗೆ ನಿಂತಿವೆ. ಈ ಪಟ್ಟಿಯನ್ನು ಪೂರ್ವ-ಪಶ್ಚಿಮವಾಗಿ ಅಡ್ಡಹಾಯುವ ಹಳ್ಳದಲ್ಲಿ ಪದರಗಳ ಅಂಚುಗಳು ನೀರಿಗೆ ಅಡ್ಡಲಾಗಿ ಸಾಲುಗಟ್ಟಿ ನಿಂತು ಭಾರದ ಕಣಗಳನ್ನು ತಡೆಯುತ್ತವೆ. ಪದರದ ಉದ್ದಕ್ಕೇ ಹರಿಯುವ ಹಳ್ಳದಲ್ಲಿ ಅಂಥ ತಡೆ ಕಡಿಮೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನನ್ನ ಆಯ್ಕೆ ಅಡ್ಡಹಾಯುವ ಹಳ್ಳವೇ.

[ದೃಶ್ಯ: ಹೆಬ್ಬೆರಳಗಲದ ಬಿರುಕು, ಹತ್ತಿರದಿಂದ.]

ಈ ಬಿರುಕನ್ನು ಗಮನಿಸಿ. ಮೇಲಿನ ಸಡಿಲ ಮರಳು ಕಳೆದ ಮಳೆಯಲ್ಲಿ ಬಂದದ್ದು. ಅದರ ಕೆಳಗೆ ಬೆಣಚುಕಲ್ಲಿನ ಚೂರೊಂದು ಬೆಣೆಯಂತೆ ಸಿಕ್ಕಿಕೊಂಡಿದೆ. ಅದನ್ನು ಉಳಿಯಿಂದ ಮೀಟಿದರೆ ತುಕ್ಕಿನ ಬಣ್ಣದ, ಬಿಗಿಯಾಗಿ ಕಚ್ಚಿಕೊಂಡ ಗರಸು ಕಾಣುತ್ತದೆ. ಅದರೊಳಗೆ ತುಕ್ಕು ಹಿಡಿದ ಮೊಳೆ, ಎತ್ತಿನ ಲಾಳದ ಚೂರು, ಸೀಸದ ಗುಂಡು ಸಿಕ್ಕರೆ ಒಳ್ಳೆಯ ಲಕ್ಷಣ, ಏಕೆಂದರೆ ಭಾರದ ವಸ್ತುಗಳೆಲ್ಲ ತಂಗುವ ಜಾಗ ಅದೇ ಎಂದಾಯಿತು. ಬಿರುಕಿನ ತಳದ ಕೊನೆಯ ಚಿಟಿಕೆ ಮಣ್ಣನ್ನೂ ಚಮಚ, ಕುಂಚಗಳಿಂದ ಕೆರೆದು ತೆಗೆಯಬೇಕು.

ತೊಳೆಯುವ ವಿಧಾನ, ಮೊರದಲ್ಲಿ ರಾಗಿ ಕೇರುವುದನ್ನು ನೋಡಿದವರಿಗೆ ಬೇಗ ಹಿಡಿಯುತ್ತದೆ. ಅಗಲ ಬಾಯಿಯ ತಟ್ಟೆಯನ್ನು ನೀರಿನಲ್ಲಿ ಅಲುಗಿಸಿ ಭಾರವನ್ನು ತಳಕ್ಕಿಳಿಸಿ, ಹಗುರವನ್ನು ಅಂಚಿನಿಂದ ಹೊರಚೆಲ್ಲುತ್ತಾ ಹೋದರೆ ಕೊನೆಗೆ ಕಪ್ಪು ಮರಳು ಉಳಿಯುತ್ತದೆ. ಅದರಲ್ಲಿನ ಮ್ಯಾಗ್ನೆಟೈಟನ್ನು ಅಯಸ್ಕಾಂತದಿಂದ ಎತ್ತಬಹುದು. ಕಪ್ಪು ಮರಳಿದ್ದಲ್ಲೆಲ್ಲ ಚಿನ್ನವಿರುವುದಿಲ್ಲ, ಆದರೆ ಕಪ್ಪು ಮರಳೂ ನಿಲ್ಲದ ಕಡೆ ಚಿನ್ನ ನಿಂತೀತೆಂಬ ಆಸೆ ಬೇಡ. ಹೊಳೆಯುವ ಕಾಗೆಬಂಗಾರ (ಅಭ್ರಕ) ತಟ್ಟೆಯಲ್ಲಿ ತೇಲಾಡುತ್ತದೆ, ನೆರಳಿಗೆ ಹಿಡಿದರೆ ಮಂಕಾಗುತ್ತದೆ. ಚಿನ್ನ ನೆರಳಿನಲ್ಲೂ ಅದೇ ಹಳದಿ. ಸೂಜಿಯಿಂದ ಒತ್ತಿದರೆ ಚಿನ್ನ ತಗ್ಗುತ್ತದೆ, ಚಿನ್ನದಂತೆ ಕಾಣುವ ಪೈರೈಟ್ ಎಂಬ ಖನಿಜ ಪುಡಿಯಾಗುತ್ತದೆ.

ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕಿದೆ, ಅದು ಕೆರೆ. ಹಳ್ಳ ಕೆರೆಯನ್ನು ಸೇರುತ್ತಲೇ ಸೆಳವು ಸತ್ತುಹೋಗುವುದರಿಂದ ದಪ್ಪ ಮರಳೂ ಭಾರದ ಕಣಗಳೂ ಕೆರೆಯ ಬಾಯಲ್ಲೇ ನಿಲ್ಲುತ್ತವೆ. ಏರಿಯ ಬುಡದಲ್ಲಿ ಸಿಗುವುದು ನುಣ್ಣನೆಯ ಹೂಳು. ಕೋಡಿಯಿಂದಾಚೆಯ ಹಳ್ಳದಲ್ಲಿ ಹುಡುಕಾಟ ಹೊಸದಾಗಿಯೇ ಶುರುವಾಗಬೇಕು.

[ಪರದೆಯ ಮೇಲೆ ಬರಹ: ಪರವಾನಗಿ ಕಡ್ಡಾಯ]

1957ರ ಗಣಿ ಮತ್ತು ಖನಿಜಗಳ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಖನಿಜ ಅನ್ವೇಷಣೆ ನಡೆಸುವಂತಿಲ್ಲ, ಹಳ್ಳದ ಚಿನ್ನಕ್ಕೂ ಈ ಮಾತು ಅನ್ವಯಿಸುತ್ತದೆ. ಕೆಜಿಎಫ್‌ನ ಸೈನೈಡ್ ದಿಬ್ಬಗಳತ್ತ ತಟ್ಟೆ ಹಿಡಿದು ಹೋಗುವುದಂತೂ ಸಲ್ಲದು. ಅದು ಕಾರ್ಖಾನೆಯಲ್ಲಿ ಅರೆದು ಸಂಸ್ಕರಿಸಿ ಬಿಟ್ಟ ಪುಡಿ, ಹಳ್ಳ ಜಾಲಿಸಿದ ಮರಳಲ್ಲ.

ಭೂವಿಜ್ಞಾನಿಗೆ ಹಳ್ಳದ ಕಣಕ್ಕಿಂತ ಅದರ ಮೂಲ ಮುಖ್ಯ. ಪ್ರವಾಹದಲ್ಲಿ ಬಹುದೂರ ಉರುಳಿದ ಕಣ ಚಪ್ಪಟೆಯಾಗಿ ಅಂಚು ಸವೆದಿರುತ್ತದೆ. ಒರಟಾಗಿದ್ದು ಬೆಣಚುಕಲ್ಲಿನ ತುಣುಕನ್ನು ಇನ್ನೂ ಕಚ್ಚಿಕೊಂಡಿದ್ದರೆ ತವರು ಹತ್ತಿರದಲ್ಲಿದೆ. ಹಳ್ಳದ ಮೇಲ್ಮುಖವಾಗಿ ಮಾದರಿ ತೊಳೆಯುತ್ತಾ ಹೋಗುವಾಗ ಕಣಗಳ ಸಂಖ್ಯೆ ಏರುತ್ತಾ ಬಂದು ಒಂದೆಡೆ ಥಟ್ಟನೆ ನಿಂತುಹೋದರೆ ಚಿನ್ನ ಹಳ್ಳಕ್ಕೆ ಇಳಿದ ಜಾಗವನ್ನು ದಾಟಿ ಬಂದಿದ್ದೇವೆಂದು ತಿಳಿದು, ಹಿಂದಿರುಗಿ ಎರಡೂ ಬದಿಯ ಇಳಿಜಾರಿನ ಮಣ್ಣನ್ನು ತೊಳೆದು ನೋಡಬೇಕು, ಕರಿಬಂಡೆಯ ನಡುವೆ ಬೆಣಚುಕಲ್ಲಿನ ಬಿಳಿ ಎಳೆ ಎಲ್ಲಿ ಹಾಯ್ದಿದೆ ಎಂದು ಹುಡುಕಬೇಕು.