ಸೈಟೇಶನ್ ಲೆಕ್ಕ ಮತ್ತು ಮೈಲುತುತ್ತ

ವೇದಿಕೆಯ ಮೇಲಿರುವ ಹಿರಿಯರಿಗೆ, ಜೊತೆಯ ಅಧ್ಯಾಪಕರಿಗೆ, ಪಿಎಚ್.ಡಿ. ಮಾಡುತ್ತಿರುವ ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದಲ್ಲಿ ಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿದವರು ಗೈಡ್ ಹುಡುಕುವಾಗ ಮೊದಲು ಕೇಳುವುದು, "ಅವರ ಎಚ್-ಇಂಡೆಕ್ಸ್ ಎಷ್ಟು ಸರ್?" ಎಚ್-ಇಂಡೆಕ್ಸ್ ಅಂದರೆ ಒಬ್ಬರ ಪೇಪರ್‌ಗಳಿಗೆ ಸಿಕ್ಕ ಸೈಟೇಶನ್, ಅಂದರೆ ಬೇರೆ ಪೇಪರ್‌ಗಳಲ್ಲಿ ಬಂದ ಉಲ್ಲೇಖ, ನೋಡಿ ಕೊಡುವ ಅಂಕ. ಕೇಳುವುದು ತಪ್ಪಲ್ಲ. ಆದರೆ ಉತ್ತರ ಸಿಕ್ಕ ಕೂಡಲೇ ವಿಚಾರಣೆ ಮುಗಿದುಹೋಗುತ್ತದಲ್ಲ, ಅದು ನನಗೆ ಬೇಸರ.

ಈ ಲೆಕ್ಕವನ್ನು 2005ರಲ್ಲಿ ಮುಂದಿಟ್ಟವರು ಹೋರ್ಹೆ ಹಿರ್ಶ್ ಎಂಬ ಭೌತವಿಜ್ಞಾನಿ. ಕನಿಷ್ಠ 5 ಸಲ ಉಲ್ಲೇಖವಾದ ಪೇಪರ್‌ಗಳು ನಿಮ್ಮ ಬಳಿ 5 ಇದ್ದರೆ, ಕನಿಷ್ಠ 6 ಸಲ ಉಲ್ಲೇಖವಾದವು 6 ಇಲ್ಲದಿದ್ದರೆ, ನಿಮ್ಮ ಎಚ್-ಇಂಡೆಕ್ಸ್ 5. ಈಗ ಇಬ್ಬರನ್ನು ಊಹಿಸಿಕೊಳ್ಳಿ. ಇಬ್ಬರೂ ಬರೆದಿದ್ದು ಐದೈದು ಪೇಪರ್. ಒಬ್ಬರ ಸೈಟೇಶನ್ 12, 9, 7, 5, 5. ಇನ್ನೊಬ್ಬರದ್ದು 400, 60, 8, 6, 5. ಇಬ್ಬರಿಗೂ ಸಿಗುವುದು ಅದೇ 5! ಆ 400ರ ಪೇಪರ್‌ನಲ್ಲಿ ಏನಿತ್ತು? ಅದನ್ನು ತೆರೆದು ಓದದೆ ಗೊತ್ತಾಗುವುದಿಲ್ಲ. ನಮ್ಮ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಬೇರೆ ಬೇರೆ ದರ್ಜೆಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಯಾರಾದರೂ ಒಂದೇ ದರ ಕೂಗುತ್ತಾರಾ?

ಇಂಪ್ಯಾಕ್ಟ್ ಫ್ಯಾಕ್ಟರ್ ವಿಷಯ ಬೇಗ ಹೇಳಿಬಿಡುತ್ತೇನೆ. ಒಂದು ಜರ್ನಲ್‌ನ ಪೇಪರ್‌ಗಳಿಗೆ ಸರಾಸರಿ ಎಷ್ಟು ಸೈಟೇಶನ್ ಬರುತ್ತದೆ ಎಂಬುದು ಅದು. ಜರ್ನಲ್‌ನ ಲೆಕ್ಕ, ಮನುಷ್ಯರದ್ದಲ್ಲ. ಯೂಜೀನ್ ಗಾರ್ಫೀಲ್ಡ್ ಅದನ್ನು ರೂಪಿಸಿದ್ದು ಯಾವ ಪೇಪರ್ ಯಾವುದನ್ನು ಉಲ್ಲೇಖಿಸಿದೆ ಎಂದು ತೋರಿಸುವ ತಮ್ಮ ಸೈಟೇಶನ್ ಇಂಡೆಕ್ಸ್‌ಗೆ ಯಾವ ಜರ್ನಲ್ ಸೇರಿಸಬೇಕು ಎಂದು ಆರಿಸುವುದಕ್ಕೆ. ಅದನ್ನು ನಾವು ಬಯೋಡೇಟಾದಲ್ಲಿ ನಮ್ಮ ಹೆಸರಿನ ಪಕ್ಕ ಬರೆದುಕೊಳ್ಳುತ್ತಿದ್ದೇವೆ.

ಹಾಗಂತ ಸೈಟೇಶನ್‌ಗೆ ಬೆಲೆಯೇ ಇಲ್ಲ ಎನ್ನುತ್ತಿಲ್ಲ. 1951ರಲ್ಲಿ ಲೌರಿ ಮತ್ತು ಸಂಗಡಿಗರು ಪ್ರೋಟೀನ್ ಅಳೆಯುವ ವಿಧಾನ ಬರೆದರು. 2014ರಲ್ಲಿ 'ನೇಚರ್' ಪತ್ರಿಕೆ ಪಟ್ಟಿ ಮಾಡಿದಾಗ ಅದೇ ಎಲ್ಲಕ್ಕಿಂತ ಮುಂದಿತ್ತು, 3 ಲಕ್ಷಕ್ಕೂ ಜಾಸ್ತಿ ಉಲ್ಲೇಖ. ಹೊಸ ಸಿದ್ಧಾಂತವೇನೂ ಅಲ್ಲ, ಲ್ಯಾಬಿನಲ್ಲಿ ಕೈಗೆ ಒದಗುವ ವಿಧಾನ. ಬಳಸಿದವರು ಹೆಸರು ಹೇಳಿದರು, ಅಷ್ಟೇ.

ಬಳಸಿದವರು ಪೇಪರ್ ಬರೆಯುವವರೇ ಅಲ್ಲದಿದ್ದರೆ? 1908ರಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದವರು ಮೈಸೂರು ಸರ್ಕಾರದ ಕೆಲಸಕ್ಕೆ ಬಂದರು. ಮಳೆಗಾಲದಲ್ಲಿ ಅಡಿಕೆ ಕಾಯನ್ನೇ ಉದುರಿಸುವ ಕೊಳೆರೋಗದ ಹಿಂದೆ ಬಿದ್ದರು. 1910ರಲ್ಲಿ ಅದರ ಮೇಲೆ ಇಲಾಖೆಯ ಬುಲೆಟಿನ್ ಬರೆದರು, ಬೋರ್ಡೋ ದ್ರಾವಣ ಹೊಡೆಯಿರಿ ಎಂದರು. ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಇದು ಅಪ್ಪಟ ಕೆಮಿಸ್ಟ್ರಿ. ಸುಣ್ಣ ಕಮ್ಮಿಯಾದರೆ ದ್ರಾವಣ ಹುಳಿಯಾಗಿ ಉಳಿದು ಗಿಡವನ್ನು ಸುಡುತ್ತದೆ. ಸರಿಯಾಗಿ ಬೆರೆತರೆ ತಾಮ್ರ ಕಾಯಿಗೆ ಅಂಟಿಕೊಂಡು, ಮಳೆಯಲ್ಲೂ ನಿಧಾನವಾಗಿ ಬಿಡುಗಡೆಯಾಗುತ್ತದೆ. ಇವತ್ತಿಗೂ ಮುಂಗಾರಿನ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟಗಳಲ್ಲಿ ಔಷಧಿ ಹೊಡೆಯುತ್ತಾರೆ. ಅವರಲ್ಲಿ ಯಾರೂ ಕೋಲ್ಮನ್‌ರನ್ನು ಉಲ್ಲೇಖಿಸುವುದಿಲ್ಲ. ಸೈಟೇಶನ್ ಎಣಿಸುವ ಗೂಗಲ್ ಸ್ಕಾಲರ್‌ಗೆ ಆ ತೋಟ ಕಾಣುವುದೂ ಇಲ್ಲ. ಮಲೆನಾಡಿನಲ್ಲಿ ಇದಕ್ಕಿಂತ ದೊಡ್ಡ ಇಂಪ್ಯಾಕ್ಟ್ ಇರುವ ರಸಾಯನಶಾಸ್ತ್ರದ ಕೆಲಸ ನನಗಂತೂ ನೆನಪಿಗೆ ಬರುವುದಿಲ್ಲ.

ಹಾಗಾದರೆ ಒಬ್ಬರ ದಾಖಲೆ ನೋಡುವುದು ಹೇಗೆ? ಒಟ್ಟು ಸಂಖ್ಯೆ ಪಕ್ಕಕ್ಕಿಡಿ. ಅವರೇ ಮುಖ್ಯವೆಂದು ಆರಿಸುವ ಮೂರ್ನಾಲ್ಕು ಪೇಪರ್ ಕೇಳಿ ಪಡೆಯಿರಿ. ಅದರಲ್ಲಿ ಅವರ ಪಾಲು ಏನು, ಪ್ರಯೋಗ ಮಾಡಿದ ವಿದ್ಯಾರ್ಥಿಯ ಹೆಸರು ಎಲ್ಲಿದೆ, ನೋಡಿ. ಆಮೇಲೆ ಅದನ್ನು ಉಲ್ಲೇಖಿಸಿದ ಪೇಪರ್‌ಗಳಲ್ಲಿ ಒಂದೆರಡು ತೆರೆಯಿರಿ. ನಿಜವಾಗಿ ಆ ವಿಧಾನ ಬಳಸಿದ್ದಾರಾ, ಅಥವಾ ಪೀಠಿಕೆಯ ಸಾಲಿನಲ್ಲಿ ಹತ್ತು ಹೆಸರಿನ ಜೊತೆ ಸುಮ್ನೆ ಸೇರಿಸಿದ್ದಾರಾ? ಕೆಲವೊಮ್ಮೆ "ಈ ಫಲಿತಾಂಶ ನಮಗೆ ಬರಲಿಲ್ಲ" ಎಂದೂ ಬರೆದಿರುತ್ತಾರೆ. ಅದೂ ಒಂದು ಸೈಟೇಶನ್ ಆಗಿಯೇ ಲೆಕ್ಕಕ್ಕೆ ಸೇರುತ್ತದೆ.

ಪೇಪರ್ ಸಿಗುವುದಿಲ್ಲ ಎಂಬ ಕಷ್ಟ ಈಗ ಮೊದಲಿನಷ್ಟಿಲ್ಲ. 2025ರ ಜನವರಿಯಿಂದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಸಾವಿರಾರು ಜರ್ನಲ್ ತೆರೆದಿವೆ. ನಿಮ್ಮ ಲೈಬ್ರರಿಯಲ್ಲಿ ಲಾಗಿನ್ ಕೇಳಿ ಪಡೆಯಿರಿ. ನಿಮ್ಮ ಗೈಡ್ ಬರೆದ ಪೇಪರ್‌ನಿಂದಲೇ ಓದು ಶುರು ಮಾಡಿ, ಓದಿದ ಮೇಲೆ ಅವರ ಮುಂದೆ ಕೂತು ಪ್ರಶ್ನೆ ಕೇಳಿ.